ಖಾಲಿ ಟ್ಯಾಂಕಿನ ರಿಂಗ್‌ಟೋನ್

ಮೇ ತಿಂಗಳ ಮೂರನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ.

ಇಷ್ಟು ಬರೆದು ಪೆನ್ನಿನ ಮುಚ್ಚಳವನ್ನು ಅದರ ಹಿಂಬದಿಗೆ ಸಿಕ್ಕಿಸುವಷ್ಟರಲ್ಲಿ ಫೋನು ಹಾಡಿತು. ಹಾಡಿತು ಎನ್ನುವುದು ಅಲಂಕಾರಕ್ಕಲ್ಲ. ಮೊದಲು ಎರಡು ಸಲ ‘ಧುಂ ಧುಂ’ ಎಂಬ ಗಂಭೀರವಾದ ಪೆಟ್ಟು, ಅದರ ಬೆನ್ನಿಗೆ ತಂತಿಯ ಮೇಲೆ ಯಾರೋ ಬರಿಗಾಲಲ್ಲಿ ಓಡಿದಂತೆ ಹತ್ತಿ ಇಳಿಯುವ ಪುಟ್ಟ ರಾಗ, ರಾಗ ಇಳಿಯುವ ಹೊತ್ತಿಗೆ ಸರಿಯಾಗಿ ದೂರದಲ್ಲೊಂದು ಕುಕ್ಕರಿನ ಸೀಟಿ. ಆ ಸೀಟಿ ಕೇಳುವ ತನಕ ನಾನು ಈ ಕರೆಯನ್ನು ಎತ್ತುವುದಿಲ್ಲ. ಕೇಳಿತು, ಎತ್ತಿದೆ. ನಮ್ಮ ಕಟ್ಟಡದ ಎರಡನೇ ಮಹಡಿಯ ಹಿಂಭಾಗದಲ್ಲಿ ಬಾಡಿಗೆಗಿರುವ ಶಾರದಾ ಆಂಟಿ.

“ಹೇಮಾ, ಸಂಪಲ್ಲಿ ನೀರಿದ್ಯಾ? ನಲ್ಲೀಲಿ ಬರೀ ಗಾಳಿ ಬರ್ತಿದೆ.”

“ಮೋಟರ್ ಹಾಕ್ತೀನಿ ಆಂಟಿ.”

“ನಿನ್ನೇನೂ ಹಿಂಗೇ ಅಂದೆ.”

ನಿನ್ನೆಯೂ ಹಾಗೇ ಅಂದಿದ್ದೆ, ಹೌದು. ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಮೋಟರಿನ ಗುಂಡಿ ಒತ್ತಿ ಬಂದು ಮತ್ತೆ ಕುಳಿತಾಗ ಬರೆಯಬೇಕೆಂದಿದ್ದ ವಿಷಯ ಮರೆತುಹೋಗಿತ್ತು. ಹಾಗಾಗಿ, ಓದುಗರೇ, ಈ ರಿಂಗ್‌ಟೋನಿನ ವಿಷಯವನ್ನೇ ಬರೆಯುತ್ತೇನೆ. ಶಾರದಾ ಆಂಟಿಯ ನೀರಿನ ದೂರಿಗೂ ಈ ಸಂಗೀತಕ್ಕೂ ಏನೇನೂ ಸಂಬಂಧವಿಲ್ಲ ಎಂದು ನಿಮಗೆ ಅನ್ನಿಸಬಹುದು. ಸಂಬಂಧವಿದೆ, ಅದೂ ಬೇಕಾದ್ದಕ್ಕಿಂತ ಹೆಚ್ಚು.

ಸ್ವಂತ ರಿಂಗ್‌ಟೋನ್ ಮಾಡಿಕೊಳ್ಳುವುದು ಮಹಾವಿದ್ಯೆಯೇನೂ ಅಲ್ಲ. ಫೋನಿನಲ್ಲಿ ಧ್ವನಿಮುದ್ರಿಸಿ, ಕತ್ತರಿಸುವ ಆ್ಯಪೊಂದರಲ್ಲಿ ಅದನ್ನು ತೆರೆದರೆ ಸದ್ದು ಬೆಟ್ಟಸಾಲಿನಂತೆ ಪರದೆಯ ತುಂಬ ಹರಡಿಕೊಳ್ಳುತ್ತದೆ. ನಮ್ಮ ತಾತ ರಾಗಿ ಹೊಲದ ಅಂಚಿಗೆ ಬಾಂದುಕಲ್ಲು ನೆಡುತ್ತಿದ್ದಂತೆ ಎಡಕ್ಕೊಂದು ಬಲಕ್ಕೊಂದು ಗೆರೆ ನೆಟ್ಟು, ನಡುವಿನದನ್ನು ಉಳಿಸಿ, ಮಿಕ್ಕಿದ್ದನ್ನು ಬಿಟ್ಟುಬಿಡಬೇಕು. ಅರ್ಧ ನಿಮಿಷ ಸಾಕು. ಆ ತುಣುಕನ್ನು ಫೋನಿನ ರಿಂಗ್‌ಟೋನ್‌ಗಳ ಫೋಲ್ಡರಿಗೆ ಹಾಕಿ, ಕರೆ ಮಾಡುವವರ ಹೆಸರನ್ನು ತೆರೆದು, ಇವರಿಗೆ ಇದು ಎಂದು ಗೊತ್ತುಮಾಡಿದರೆ ಮುಗಿಯಿತು. ಕಷ್ಟವಿರುವುದು ಗೆರೆ ಎಲ್ಲಿ ನೆಡಬೇಕು ಎಂಬುದರಲ್ಲಿ. ಹಾಡನ್ನು ಮಾಡಿದವರು ಅದನ್ನು ಕೊನೆಯವರೆಗೆ ಕೇಳಲಿ ಎಂದು ಮಾಡಿರುತ್ತಾರೆ; ರಿಂಗ್‌ಟೋನ್ ಮಾತ್ರ ನಡುವೆ ಮೊಟಕಾಗಲೆಂದೇ ಹುಟ್ಟಿದ ಸಂಗೀತ. ಅದರ ಸಾರ್ಥಕತೆಯೇ ಅದರ ಅಂತ್ಯ. ಅದು ಪೂರ್ತಿ ಮುಗಿಯಿತೆಂದರೆ ಯಾರನ್ನೋ ಯಾರೋ ಕಾಯಿಸಿ, ಕೊನೆಗೂ ಮಾತನಾಡಿಸಲಿಲ್ಲ ಎಂದೇ ಅರ್ಥ.

ಜಯನಗರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ವರದಿಗಳನ್ನು ಜೋಡಿಸುವುದು ನನ್ನ ಉದ್ಯೋಗ. ಇಡೀ ದಿನ ಯಾರದೋ ಸಕ್ಕರೆಯನ್ನು ಯಾರದೋ ಹೆಸರಿಗೆ ಅಂಟಿಸಿಬಿಡದಂತೆ ಎಚ್ಚರ ವಹಿಸುವವರಿಗೆ ಮನೆಯಲ್ಲೂ ಎಲ್ಲವನ್ನೂ ವಿಂಗಡಿಸುವ ಚಟ ಹತ್ತುತ್ತದೆ. ನಾನು ಮನೆಮಂದಿಗೆಲ್ಲ ಒಂದೊಂದು ಸದ್ದನ್ನು ಹಂಚಿಕೊಟ್ಟಿದ್ದೇನೆ. ಅಪ್ಪನಿಗೆ ನಮ್ಮ ಕಬ್ಬಿಣದ ಗೇಟಿನ ಕಿರುಗುಟ್ಟುವಿಕೆ. ಆ ಗೇಟಿಗೆ ಎಣ್ಣೆ ಬಿಡಬೇಕಾದವರೂ ಅವರೇ ಎಂಬ ಸೂಚ್ಯಾರ್ಥ ಈವರೆಗೆ ಅವರಿಗೆ ತಟ್ಟಿಲ್ಲ. ಅಮ್ಮನಿಗೆ ದೋಸೆಹಿಟ್ಟು ರುಬ್ಬುವ ಗ್ರೈಂಡರ್. ಒಮ್ಮೆ ಬಸ್ಸಿನಲ್ಲಿ ಅಮ್ಮನ ಕರೆ ಬಂದಾಗ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಗಾಬರಿಯಿಂದ ಎದ್ದು, ಬಸ್ಸಿನ ಗೇರು ಕೆಟ್ಟಿತೆಂದು ಕಂಡಕ್ಟರಿಗೆ ಹೇಳಿದ್ದುಂಟು. ಅಪರಿಚಿತ ನಂಬರುಗಳಿಗೆ ಮಾತ್ರ ಏನೂ ಕೊಟ್ಟಿಲ್ಲ. ಅವು ಫೋನಿನ ಜೊತೆಗೇ ಬಂದ, ಯಾರದ್ದೂ ಅಲ್ಲದ ‘ಟಿಣ್ ಟಿಣ್’ನಲ್ಲಿ ಬಾರಿಸುತ್ತವೆ, ನಾನು ಎತ್ತುವುದಿಲ್ಲ, ಎತ್ತಲಿಲ್ಲವೆಂದು ಡೈರಿಯಲ್ಲೊಂದು ಗೀಟು ಹಾಕುತ್ತೇನೆ. ಹಾಕಿ ಏನು ಮಾಡುತ್ತೀಯೆಂದು ಕೇಳಬೇಡಿ. ಎಣಿಸುವವರಿಗೆ ಎಣಿಕೆಯೇ ಫಲ.

ಧುಂ ಧುಂ ಎಂಬ ಆ ಸದ್ದನ್ನು ನಾನು ಮಾಡಿದ್ದು ಸುಜಾತಳಿಗಾಗಿ. ಮಾಡಿದ್ದು ಸುಜಾತಳ ಜೊತೆಗೇ.

ಸುಬ್ರಹ್ಮಣ್ಯಪುರದ ನಮ್ಮ ಹೊಲ ಸೈಟುಗಳಾಗಿ ಹೋದಮೇಲೆ ಉಳಿದ ತುಂಡಿನ ಮೇಲೆ ಅಪ್ಪ ಮೂರು ಮಹಡಿ ಎಬ್ಬಿಸಿದರು. ಎರಡನೇ ಮಹಡಿಯ ಹಿಂದಿನ ಮನೆಗೆ ಸುಜಾತಳ ಮನೆಯವರು ಬಂದಾಗ ನಾವಿಬ್ಬರೂ ಪಿಯುಸಿ. ಅವಳಪ್ಪ ಆಟೋಗಳಿಗೆ ಹುಡ್, ಸೀಟು ಹೊಲಿಯುವವರು. ಬುದ್ಧಪೂರ್ಣಿಮೆಯ ದಿನ ಅವಳಮ್ಮ ಎಲ್ಲ ಮನೆಗೂ ಪಾಯಸ ಹಂಚುತ್ತಿದ್ದರು, ಮೊದಲ ವರ್ಷ ಆ ಲೋಟವನ್ನು ಬಾಯಿಗಿಡದೆ ಕಿಟಕಿಯಲ್ಲಿಟ್ಟ ನಮ್ಮಜ್ಜಿ, ಮೂರನೆಯ ವರ್ಷ ಬೆಳಿಗ್ಗೆಯಿಂದಲೇ “ಇನ್ನೂ ಬರ್ಲಿಲ್ವಾ?” ಎಂದು ಮೆಟ್ಟಿಲ ಕಡೆ ನೋಡುತ್ತಿದ್ದರು. ಸುಜಾತಳ ಬಳಿ ಒಂದು ಬುಲ್‌ಬುಲ್ ತರಂಗ್ ಇತ್ತು. ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳನ್ನು ಕೂರಿಸಿದ ವಾದ್ಯ ಅದು. ತನ್ನ ಮನೆಯ ಮಕ್ಕಳು ಮುಟ್ಟುವುದಿಲ್ಲವೆಂದು ಯಾವನೋ ಆಟೋ ಡ್ರೈವರ್ ಅವಳಪ್ಪನಿಗೆ ಕೊಟ್ಟುಹೋಗಿದ್ದ. ಒಂದು ಗುಂಡಿ ಒತ್ತಿದರೆ ಮೇಲೇಳುತ್ತಿರಲಿಲ್ಲ. ಆ ಸ್ವರ ಬಂದಾಗಲೆಲ್ಲ ಅವಳು ಉಗುರಿನಿಂದ ಅದನ್ನು ಎಬ್ಬಿಸಬೇಕಿತ್ತು, ಹಾಗಾಗಿ ಅವಳ ಎಲ್ಲ ರಾಗಗಳೂ ಒಂದು ಕಡೆ ಸಣ್ಣಗೆ ಎಡವುತ್ತಿದ್ದವು.

ತಾಳ ನನ್ನದು, ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕಿನ ಮೇಲೆ. ತುಂಬಿದ ಟ್ಯಾಂಕು ಗೋಡೆಯಂತೆ ಮೂಕ. ಅರ್ಧವಾದಾಗ ಗೊಣಗುತ್ತದೆ. ಪೂರ್ತಿ ಖಾಲಿಯಾದಾಗ ಅದರಷ್ಟು ಗಂಭೀರವಾಗಿ ನುಡಿಯುವ ಚರ್ಮವಾದ್ಯವನ್ನು ನಾನು ಈವರೆಗೆ ಕೇಳಿಲ್ಲ. ಬೋರ್‌ವೆಲ್ ಕೈಕೊಟ್ಟು, ಕಾವೇರಿ ನೀರು ಬಾರದೆ, ಟ್ಯಾಂಕರಿಗೆ ಹೇಳಿ ಕಳಿಸಿ ಇಡೀ ಕಟ್ಟಡ ಕೊಡ ಹಿಡಿದು ನಿಲ್ಲುತ್ತಿದ್ದ ದಿನಗಳೇ ನಮ್ಮ ಸಂಗೀತದ ಸುಗ್ಗಿ. ಕೆಳಗೆ ಹಾಹಾಕಾರ, ಮೇಲೆ ಕಚೇರಿ.

“ಏ, ನೀರು ಬಂತು ಅಂತ ಬೇಗ ಹೇಳ್ಬೇಡ ಕಣೇ,” ಅನ್ನುತ್ತಿದ್ದಳು ಸುಜಾತ. “ಇನ್ನೊಂದ್ಸಲ ಬಾರ್ಸಿ ಬಿಡೋಣ.”

ಅಂಥದೊಂದು ದಿನ ನಾನು ಹೊಸ ಫೋನಿನಲ್ಲಿ ನಮ್ಮ ಸ್ವಂತ ರಾಗವನ್ನು ಮುದ್ರಿಸಿದೆ. ಪದವಿಲ್ಲ, ಹೆಸರಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಪ್ರಯತ್ನ ಸರಿಯಾಯಿತು ಎನ್ನುವಷ್ಟರಲ್ಲಿ ಅವಳಮ್ಮನ ಕುಕ್ಕರ್ ಕೂಗಿತು. ಅಳಿಸಿ ಮತ್ತೆ ಮಾಡೋಣವೆಂದೆ. “ಇರ್ಲಿ ಬಿಡು, ಅಮ್ಮಾನೂ ಒಂದು ಕೈ ಸೇರ್ಸಿದ್ಲು,” ಎಂದಳು. ಗೆರೆ ಎಲ್ಲಿ ನೆಡಬೇಕೆಂದು ಅವಳೇ ತೋರಿಸಿದಳು, ಕುಕ್ಕರ್ ಒಳಗೆ ಬರುವಂತೆ. ಆ ತುಣುಕನ್ನು ಅವಳ ಕರೆಗೆ ಗೊತ್ತುಮಾಡಲು ನಾನು ಫೋನಿನಲ್ಲಿ ಅವಳ ಹೆಸರು ತೆರೆದಾಗ ಪಕ್ಕದಿಂದ ಇಣುಕಿದವಳು ನಕ್ಕಳು.

“ನಿನ್ನ ಫೋನಲ್ಲಿ ನಂಗೆ ಹೆಸರೇ ಇಲ್ವಲ್ಲೇ. ಬರೀ ಅಡ್ರೆಸ್ಸು.”

ಅಲ್ಲಿ ‘ಎರಡನೇ ಮಹಡಿ ಹಿಂದೆ’ ಎಂದಿತ್ತು. ಇದು ನಮ್ಮ ಮನೆಯ ಪದ್ಧತಿ, ಬಹುಶಃ ನಮ್ಮಂತೆ ಹೊಲ ಕಳೆದುಕೊಂಡು ಬಾಡಿಗೆಯಲ್ಲಿ ಬದುಕುವ ಎಲ್ಲ ಮನೆಗಳ ಪದ್ಧತಿ. ಅಪ್ಪ ಯಾವ ಬಾಡಿಗೆದಾರರನ್ನೂ ಹೆಸರಿನಿಂದ ಫೋನಿಗೆ ಹಾಕಿಕೊಂಡವರಲ್ಲ. ‘ಗ್ರೌಂಡ್ ಮುಂದೆ’, ‘ಒಂದನೇ ಮಹಡಿ ಹಿಂದೆ’, ‘ತಾರಸಿ ರೂಮು’. ಕೇಳಿದರೆ, “ಜನ ಬರ್ತಾರೆ ಹೋಗ್ತಾರೆ, ಮನೆ ಅಲ್ಲೇ ಇರುತ್ತಲ್ಲಮ್ಮ,” ಎನ್ನುತ್ತಾರೆ. ಹೊಸಬರು ಬಂದಾಗ ಹಳೆಯ ನಂಬರಿನ ಮೇಲೆ ಹೊಸ ನಂಬರು ಒತ್ತಿದರಾಯಿತು. ಅಚ್ಚುಕಟ್ಟಿಗೆ ಮರುಳಾಗುವ ನಾನು ಈ ಕ್ರಮವನ್ನು ಅಪ್ಪನಿಗಿಂತ ಶ್ರದ್ಧೆಯಿಂದ ಪಾಲಿಸುತ್ತಿದ್ದೆ. ಅವತ್ತೇ ಹೆಸರು ಬದಲಿಸಬಹುದಿತ್ತು. ನಗುತ್ತಿದ್ದಾಳೆಂದು ಬಿಟ್ಟೆ.

ಅಣ್ಣನ ಮದುವೆ ನಿಶ್ಚಯವಾದಾಗ ಹೊಸ ಜೋಡಿಗೆ ಬೇಕೆಂದು ಅಪ್ಪ ಆ ಮನೆಯನ್ನು ಬಿಟ್ಟುಕೊಡಲು ಕೇಳಿದರು. ಸುಜಾತಳ ಅಪ್ಪ ಒಂದು ಮಾತೂ ಆಡದೆ ಒಪ್ಪಿ, ಸುದ್ದಗುಂಟೆಪಾಳ್ಯದ ಕಡೆ ಮನೆ ನೋಡಿಕೊಂಡರು. ಹೊರಡುವ ದಿನ ಬುಲ್‌ಬುಲ್ ತರಂಗನ್ನು ಮಡಿಲಲ್ಲಿಟ್ಟುಕೊಂಡು ಸಾಮಾನಿನ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತಿದ್ದ ಸುಜಾತ, “ಸೆಟ್ಲ್ ಆದ್ಮೇಲೆ ಫೋನ್ ಮಾಡ್ತೀನಿ. ಟ್ಯಾಂಕ್ ಖಾಲಿ ಇದ್ದಾಗ ಹೇಳು, ಓಡಿ ಬರ್ತೀನಿ,” ಎಂದಳು. ಅಣ್ಣ ಆ ಮನೆಯಲ್ಲಿ ಎರಡು ತಿಂಗಳೂ ಇರಲಿಲ್ಲ. ಅತ್ತಿಗೆಯ ಆಫೀಸಿಗೆ ಹತ್ತಿರವೆಂದು ಬಿಟಿಎಂ ಲೇಔಟಿಗೆ ಹೋದರು. ಮನೆ ಮತ್ತೆ ಬಾಡಿಗೆಗೆ ಹೋಯಿತು. ಶಾರದಾ ಆಂಟಿ ಹಾಲು ಉಕ್ಕಿಸಿದ ದಿನ ಅಪ್ಪ ಗೇಟಿನಿಂದಲೇ, “ಹೇಮಾ, ಎರಡನೇ ಮಹಡಿ ಹಿಂದೆ ನಂಬರ್ ಹಾಕ್ಕೊಳಮ್ಮ,” ಎಂದು ಕೂಗಿ ಹತ್ತು ಅಂಕಿ ಹೇಳಿದರು. ಬೆರಳಿಗೆ ಅಭ್ಯಾಸವಾಗಿದ್ದ ಕೆಲಸ. ಒತ್ತಿದೆ, ಉಳಿಸಿದೆ.

ತಪ್ಪು ಗೊತ್ತಾದದ್ದು ಕೆಲವು ದಿನಗಳಾದ ಮೇಲೆ. ಧುಂ ಧುಂ ಎಂದು ಫೋನು ನುಡಿದಾಗ ಸ್ನಾನದ ಮನೆಯಿಂದ ಒದ್ದೆ ಕಾಲಲ್ಲಿ ಓಡಿಬಂದು, “ಏನೇ ಸುಜಿ, ಈಗ ನೆನಪಾಯ್ತಾ?” ಎಂದೆ. ಆ ಕಡೆಯಿಂದ ಗಂಭೀರವಾದ ದನಿಯೊಂದು, “ನಾನಮ್ಮ, ಶಾರದಾ ಆಂಟಿ. ನೀರು ನಿಂತ್ಹೋಯ್ತು,” ಎಂದಿತು.

ಸುಜಾತಳದು ಗುಂಡಿಯ ಫೋನು, ಮೆಸೇಜುಗಳ ಸಂಬಂಧವಿರಲಿಲ್ಲ. ಒಂದೇ ಕಟ್ಟಡದವರಾದ್ದರಿಂದ ಕರೆಗಿಂತ ಮೆಟ್ಟಿಲ ಬಳಿ ನಿಂತು ಕೂಗಿದ್ದೇ ಹೆಚ್ಚು. ಆ ಹತ್ತು ಅಂಕಿಗಳನ್ನು ನಾನು ಒಮ್ಮೆಯೂ ಬಾಯಿಪಾಠ ಮಾಡಲಿಲ್ಲ. ಅಪ್ಪನ ಫೋನಿನಲ್ಲೂ ಅದೇ ಪದ್ಧತಿ, ಅದೇ ಗತಿ. ನನ್ನ ಡೈರಿಯಲ್ಲಿ ಟ್ಯಾಂಕರ್ ಬಂದ ದಿನಗಳಿವೆ, ಅಜ್ಜಿ ಪಾಯಸ ಎರಡನೆಯ ಸಲ ಕೇಳಿದ ದಿನವಿದೆ, ಸುಜಾತಳ ನಂಬರಿಲ್ಲ. “ನಿನ್ನ ಡೈರೀಲಿ ನಾನು ಕೆಮ್ಮಿದ್ದೂ ಇರುತ್ತೆ,” ಎಂದು ಅವಳು ಛೇಡಿಸುತ್ತಿದ್ದಳು. ಕೆಮ್ಮಿದ್ದು ನಿಜವಾಗಿಯೂ ಇದೆ.

ಸುದ್ದಗುಂಟೆಪಾಳ್ಯಕ್ಕೆ ಒಂದು ಶನಿವಾರ ಹೋಗಿಬಂದೆ. ಆಟೋ ಹುಡ್ ಹೊಲಿಯುವ ಅಂಗಡಿಯೊಂದರಲ್ಲಿ ರೆಕ್ಸಿನ್ ಕತ್ತರಿಸುತ್ತಿದ್ದವರು ತಲೆಯೆತ್ತದೆ ಕೇಳಿಸಿಕೊಂಡರು.

“ಸುಬ್ರಹ್ಮಣ್ಯಪುರದಿಂದ ಬಂದವ್ರಾ? ಸಣ್ಣಗಿದ್ರು, ಜಾಸ್ತಿ ಮಾತಾಡ್ತಿರ್ಲಿಲ್ಲ?”

“ಹೌದು ಅಂಕಲ್, ಅವ್ರೇ.”

“ಇಲ್ಲೇ ಕೆಲ್ಸ ಮಾಡ್ತಿದ್ರು ಕಣಮ್ಮ. ಮನೆ ಮತ್ತೆ ಖಾಲಿ ಮಾಡ್ಸಿದ್ರಂತೆ, ಹೊರಟ್ಹೋದ್ರು. ಯಾವ ಕಡೆ ಅಂತ ಗೊತ್ತಿಲ್ಲ. ತಡಿ, ನಂಬರ್ ಇರ್ಬೇಕು.”

ಅವರು ಫೋನು ತೆಗೆದು ಕಣ್ಣಿನಿಂದ ದೂರ ಹಿಡಿದು ಹುಡುಕಿದರು. ‘ಹುಡ್ ಟೈಲರ್’ ಎಂಬ ಹೆಸರಿನಲ್ಲೇ ಅಲ್ಲಿ ನಾಲ್ಕಾರು ಜನರಿದ್ದರು. ಒಬ್ಬೊಬ್ಬರಿಗೂ ನನ್ನೆದುರೇ ಕರೆ ಮಾಡಿದರು. ಒಬ್ಬ ಊಟ ಮಾಡುತ್ತಿದ್ದ, ಒಬ್ಬ ಕೆಲಸ ಬಿಟ್ಟು ತರಕಾರಿ ಅಂಗಡಿ ಇಟ್ಟಿದ್ದ, ಮತ್ತೊಬ್ಬ ಹಳೆಯ ಜಗಳವೊಂದನ್ನು ನೆನೆದು ಬೈದ. ಸುಜಾತಳ ಅಪ್ಪ ಅವರಲ್ಲಿ ಯಾರೂ ಆಗಿರಲಿಲ್ಲ. “ಹೆಸ್ರು ಹಾಕ್ಕೋಬೇಕಿತ್ತು ನೋಡು,” ಎಂದರು ಅವರು, ಫೋನನ್ನು ಜೇಬಿಗಿಳಿಸುತ್ತ. ನಾನೂ ಹೌದೆಂದೆ.

ಇಷ್ಟಾದ ಮೇಲೆ ಆ ರಿಂಗ್‌ಟೋನನ್ನು ಶಾರದಾ ಆಂಟಿಯ ನಂಬರಿನಿಂದ ತೆಗೆದುಬಿಡುವುದು ಬುದ್ಧಿವಂತಿಕೆ. ತೆಗೆಯಲು ಕೈ ಬರುವುದಿಲ್ಲ. ತೆಗೆದರೆ ಅದು ಮತ್ತೆ ಮೊಳಗುವುದೇ ಇಲ್ಲವಲ್ಲ. ನಾನೇ ಫೋಲ್ಡರಿಗೆ ಹೋಗಿ ಹಾಕಿಕೊಂಡು ಕೇಳಬಹುದು, ನಿಜ. ಆದರೆ ತಾನೇ ಒತ್ತಿ ಕೇಳಿದ್ದು ಹಾಡಾಗುತ್ತದೆಯೇ ಹೊರತು ಕರೆಯಾಗುವುದಿಲ್ಲ. ನಮ್ಮನ್ನು ಕೇಳದೆ ಬಂದರೇ ಅದು ಕರೆ. ಹಾಗಾಗಿ ಖಾಲಿ ಟ್ಯಾಂಕಿನಿಂದ ಹುಟ್ಟಿದ ಆ ಸದ್ದು ಈಗ ಟ್ಯಾಂಕು ಖಾಲಿಯಾದಾಗಲೆಲ್ಲ ಶಾರದಾ ಆಂಟಿಯ ದಯೆಯಿಂದ ನುಡಿಯುತ್ತದೆ. ಕುಕ್ಕರ್ ಕೂಗುವ ತನಕ ಅದು ಸುಜಾತಳ ಕರೆ. ಎತ್ತಿದ ಮೇಲೆ ನೀರಿನ ದೂರು. ಎಷ್ಟೋ ದಿನ ಮೋಟರ್ ಹಾಕಲು ಬೇಕೆಂದೇ ತಡಮಾಡಿದ್ದೇನೆ ಎಂಬುದನ್ನು ಓದುಗರು ಆಂಟಿಗೆ ಹೇಳಬಾರದು.

ಇಲ್ಲಿಯವರೆಗೆ ಬರೆದು ಏಳಬೇಕಾಯಿತು. ಮೋಟರ್ ಹಾಕಿ ಬಹಳ ಹೊತ್ತಾದರೂ ನೀರು ಏರಿದ ಸೂಚನೆಯಿರಲಿಲ್ಲ.

ಮತ್ತೆ ಬರೆಯುತ್ತಿದ್ದೇನೆ. ಈಗ ಜೂನ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಎಂಟೂಕಾಲು. ನಡುವೆ ಬರೆಯುವ ಮನಸ್ಸಾಗದಿದ್ದುದಕ್ಕೆ ಕಾರಣ ಮುಂದಿದೆ.

ಅವತ್ತು ನಾನು ತಾರಸಿಗೆ ಹೋದಾಗ ಶಾರದಾ ಆಂಟಿ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದರು. ನಾನು ಟ್ಯಾಂಕಿನ ಹೊಟ್ಟೆಗೆ ಎರಡು ಪೆಟ್ಟು ಕೊಟ್ಟು ಕಿವಿಗೊಟ್ಟೆ. ಮುಚ್ಚಳ ತೆಗೆಯದೆ ನೀರಿನ ಮಟ್ಟ ತಿಳಿಯುವ ನನ್ನ ಮತ್ತು ಸುಜಾತಳ ವಿಧಾನ ಅದು. ಆಂಟಿ ಸಂಡಿಗೆಯ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

“ನೀನೂ ಹಂಗೇ ತಟ್ತೀಯಲ್ಲೇ. ಅವತ್ತೊಬ್ಳು ಬಂದಿದ್ಲು, ಅವಳೂ ಹಿಂಗೇ ಎರಡು ಸಲ ತಟ್ಟಿ ಕಿವಿ ಇಟ್ಳು.”

“ಯಾರು ಆಂಟಿ?”

“ಯಾರೋ ಹುಡ್ಗಿ. ನಿನ್ನ ಕೇಳ್ಕೊಂಡು ಬಂದ್ಲು. ನೀನು ಕೆಲ್ಸಕ್ಕೆ ಹೋಗಿದ್ದೆ, ನಿಮ್ಮಮ್ಮ ಬನಶಂಕರಿ ದೇವಸ್ಥಾನಕ್ಕೆ ಹೋಗಿದ್ರು. ಒಂದ್ನಿಮಿಷ ತಾರ್ಸಿ ನೋಡ್ಬೋದಾ ಅಂದ್ಲು. ನಾನು ನೀರಿನವರ ಕಡೆಯವಳೇನೋ ಅಂದ್ಕೊಂಡೆ. ತಟ್ಟಿ, ‘ತುಂಬಿದೆ’ ಅಂದ್ಲು. ಅಷ್ಟೇ. ಇಳಿದ್ಹೋದ್ಲು.”

“ಏನೂ ಹೇಳ್ಲಿಲ್ವಾ?”

“ಫೋನ್ ಮಾಡಿದ್ರೆ ಎತ್ತಲ್ಲ, ಅದಕ್ಕೇ ಬಂದೆ ಅಂದ್ಲು. ನಂಬರ್ ಕೊಟ್ಟು ಹೋಗಮ್ಮ ಅಂದೆ. ಹೇಮಾ ಹತ್ರ ಇದೆ ಅಂದ್ಲು. ಹೆಸರೇನು ಅಂದ್ರೆ, ‘ಎರಡನೇ ಮಹಡಿ ಹಿಂದೆ ಬಂದಿದ್ಲು ಅಂತ ಹೇಳಿ, ಗೊತ್ತಾಗುತ್ತೆ’ ಅಂತಾಳೆ. ಎರಡನೇ ಮಹಡಿ ಹಿಂದೆ ನಾವಲ್ವೇನಮ್ಮ ಅಂದೆ. ನಕ್ಬಿಟ್ಳು.”

“ಯಾವತ್ತು ಇದು?”

“ಯುಗಾದಿ ಆದ್ಮೇಲೆ. ಮಾವಿನಕಾಯಿ ಚಿತ್ರಾನ್ನ ಮಾಡಿದ್ದೆ, ತಿಂದು ಹೋಗು ಅಂದ್ರೂ ಕೇಳ್ಲಿಲ್ಲ. ಹೇಳ್ಬೇಕು ಅಂದ್ಕೊಂಡೆ ಹೇಮಾ, ನಿಂಗೆ ಫೋನ್ ಮಾಡಿದಾಗೆಲ್ಲ ಬರೀ ನೀರಿನ ಮಾತೇ ಆಗೋಗುತ್ತೆ.”

ನಾನು ಕೆಳಗಿಳಿದು ಫೋನಿನಲ್ಲಿ ಬಂದ ಕರೆಗಳ ಪಟ್ಟಿಯನ್ನು ತಳದವರೆಗೆ ಎಳೆದೆ. ಯುಗಾದಿಯಷ್ಟು ಹಿಂದಿನದನ್ನು ಅದು ಉಳಿಸಿಕೊಂಡಿರಲಿಲ್ಲ. ಡೈರಿ ಉಳಿಸಿಕೊಂಡಿತ್ತು. ಆ ವಾರದ ಪುಟದ ಕೊನೆಯಲ್ಲಿ, ಎತ್ತದೆ ಬಿಟ್ಟ ಅಪರಿಚಿತ ಕರೆಗಳಿಗೆಂದು ನೀಟಾಗಿ ಗೀಟು ಹಾಕಿ, ನಾಲ್ಕರ ಮೇಲೆ ಐದನೆಯದನ್ನು ಅಡ್ಡ ಎಳೆದು ಕಟ್ಟು ಕಟ್ಟಿದ್ದೇನೆ. ಆ ಗೀಟುಗಳಲ್ಲೊಂದು ಸುಜಾತ. ಯಾವುದೆಂದು ತಿಳಿಯುವ ಬಗೆಯಿಲ್ಲ.

ಅವಳ ಕಡೆಯಿಂದ ಒಮ್ಮೆ ಯೋಚಿಸಿ ನೋಡಿ. ಗೆಳತಿಯ ಫೋನಿನಲ್ಲಿ ತನ್ನದೇ ಸಂಗೀತ ಮೊಳಗುತ್ತಿದೆ, ಧುಂ ಧುಂ ಎನ್ನುತ್ತಿದೆ, ಅಮ್ಮನ ಕುಕ್ಕರ್ ಕೂಗುತ್ತಿದೆ, ಆದರೂ ಗೆಳತಿ ಎತ್ತುತ್ತಿಲ್ಲ ಎಂದೇ ತಿಳಿದಿರುತ್ತಾಳೆ. ಈ ಕಡೆ ನಾನು ಯಾರದ್ದೂ ಅಲ್ಲದ ಟಿಣ್ ಟಿಣ್ ಕೇಳಿ, ಸಾಲ ಕೊಡುವವರೆಂದುಕೊಂಡು, ಯಾರದೋ ಥೈರಾಯ್ಡನ್ನು ಯಾರದೋ ಹೆಸರಿಗೆ ಜೋಡಿಸುತ್ತಿದ್ದೆ. ಪ್ರಿಯರಾದವರಿಗೆಲ್ಲ ಒಂದೊಂದು ಸದ್ದು ಹಂಚಿ, ಉಳಿದ ಲೋಕಕ್ಕೆ ಬಾಗಿಲು ಮುಚ್ಚಿ ಕುಳಿತ ಜಾಣತನಕ್ಕೆ, ಪ್ರಿಯರೂ ಒಮ್ಮೊಮ್ಮೆ ಉಳಿದ ಲೋಕದ ಕಡೆಯಿಂದಲೇ ಬರಬೇಕಾಗುತ್ತದೆ ಎಂಬುದು ಹೊಳೆದಿರಲಿಲ್ಲ.

ಅವತ್ತೇ ಎರಡು ಕೆಲಸ ಮಾಡಿದೆ. ಫೋನಿನಲ್ಲಿದ್ದ ಮಹಡಿಗಳನ್ನೆಲ್ಲ ಮನುಷ್ಯರನ್ನಾಗಿ ಬದಲಿಸಿದೆ. ಗ್ರೌಂಡ್ ಮುಂದೆ ಈಗ ನಾಗರಾಜಣ್ಣ, ತಾರಸಿ ರೂಮು ಈಗ ಪ್ರವೀಣ್. ಅಪ್ಪ ನೋಡಿ, “ಖಾಲಿ ಮಾಡಿದ್ಮೇಲೆ ಏನ್ ಮಾಡ್ತೀಯ?” ಎಂದರು. “ಹೆಸರು ಇರ್ಲಿ ಬಿಡಪ್ಪ, ಜಾಗ ಏನೂ ಹಿಡಿಯಲ್ಲ,” ಎಂದೆ. ಶಾರದಾ ಆಂಟಿಗೆ ಎಣ್ಣೆಯಲ್ಲಿ ಸಂಡಿಗೆ ಅರಳುವ ಸದ್ದನ್ನು ಮುದ್ರಿಸಿ ಹಾಕಿದೆ. ಅವರಿಗದು ಹೆಮ್ಮೆಯ ವಿಷಯ, ಬಂದವರನ್ನೆಲ್ಲ ನಮ್ಮ ಮನೆಗೆ ಕರೆತಂದು, ನನ್ನ ಫೋನಿಗೆ ಕರೆಮಾಡಿ ಕೇಳಿಸುತ್ತಾರೆ. ಎರಡನೆಯ ಕೆಲಸ, ನಮ್ಮ ಧುಂ ಧುಂ ಅನ್ನು ಎಲ್ಲ ಅಪರಿಚಿತ ನಂಬರುಗಳಿಗೂ ಕೊಟ್ಟುಬಿಟ್ಟೆ.

ಈಗ ಅದು ದಿನಕ್ಕೆ ಹಲವು ಸಲ ನುಡಿಯುತ್ತದೆ. ರಕ್ತಪರೀಕ್ಷಾ ಕೇಂದ್ರದಲ್ಲಿ ಸದ್ದು ಮಾಡುವಂತಿಲ್ಲವಾದ್ದರಿಂದ ಫೋನನ್ನು ಅಂಗೈಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರತಿಯೊಂದನ್ನೂ ಎತ್ತುತ್ತೇನೆ, ಕುಕ್ಕರಿಗೂ ಕಾಯುವುದಿಲ್ಲ. ಮೊನ್ನೆ ಹಾಗೆಯೇ, “ಹಲೋ, ಸುಜೀನಾ?” ಎಂದೆ.

“ಇಲ್ಲ ಮೇಡಂ, ನಾನು ಕಿರಣ್, ಪರ್ಸನಲ್ ಲೋನ್ ವಿಷಯ ಮಾತಾಡ್ಬೇಕಿತ್ತು.”

“ಬೇಡ, ಥ್ಯಾಂಕ್ಸ್.”

“ಪರ್ವಾಗಿಲ್ಲ ಮೇಡಂ.” ಅವನು, “ನಿನ್ನೇನೂ ನೀವು ಸುಜೀನಾ ಅಂದ್ರಿ. ಸಿಕ್ಲಿ ಮೇಡಂ ಅವ್ರು,” ಎಂದು ಇಟ್ಟ. ಸಾಲ ಬೇಡವೆಂದವರಿಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಹೇಳಿರಲಾರರು.

ಇದನ್ನು ಬರೆಯುತ್ತಿರುವಾಗಲೇ ಸಂಡಿಗೆ ಅರಳಿತು. ಶಾರದಾ ಆಂಟಿ. ನಲ್ಲಿಯಲ್ಲಿ ಮತ್ತೆ ಗಾಳಿಯಂತೆ. ಮೋಟರ್ ಹಾಕುವ ಮೊದಲು ತಾರಸಿಗೆ ಹೋಗಿ ತಟ್ಟಿ ಬಂದೆ. ಚೆನ್ನಾಗಿ ನುಡಿಯುತ್ತಿದೆ.

ಓದುಗರಲ್ಲಿ ಒಂದು ಕೋರಿಕೆ. ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ, ಮೇಲೇಳದ ಒಂದು ಗುಂಡಿಯನ್ನು ಉಗುರಿನಿಂದ ಎಬ್ಬಿಸುತ್ತ ಬುಲ್‌ಬುಲ್ ತರಂಗ್ ನುಡಿಸುವ ಹುಡುಗಿಯನ್ನು, ಅಥವಾ ಜಾಸ್ತಿ ಮಾತನಾಡದೆ ಆಟೋ ಹುಡ್ ಹೊಲಿಯುವ ಅವಳ ಅಪ್ಪನನ್ನು ಬಲ್ಲವರಿದ್ದರೆ ದಯಮಾಡಿ ನನಗೆ ಬರೆದು ತಿಳಿಸಿ. ಅವಳೇ ಎದುರು ಸಿಕ್ಕರೆ ಇಷ್ಟನ್ನೆಲ್ಲ ವಿವರಿಸುವ ಶ್ರಮ ಬೇಡ. ಟ್ಯಾಂಕ್ ಖಾಲಿ ಇದೆ ಅಂತ ಹೇಳಿ. ಗೊತ್ತಾಗುತ್ತೆ.